ಬಾಗಿಲಿಗೆ ಕಟ್ಟಿದ ಬೇವಿನ ಸೊಪ್ಪು

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಹಿಡಿ ಬೇವಿನ ಸೊಪ್ಪು.

ಅರವತ್ತೆರಡನೇ ಇಸವಿ. ಸಿಡುಬಿಗೆ ದಾಕು, ಅಂದರೆ ಲಸಿಕೆ, ಹಾಕುವ ಆನಂದಪ್ಪ ಬೆಳಿಗ್ಗೆಯೇ ಯಲಹಂಕದಿಂದ ಸೈಕಲ್ಲು ತುಳಿದು ಅಲ್ಲಾಳಸಂದ್ರಕ್ಕೆ ಬಂದರೆ, ಬೀದಿಯ ಪ್ರತಿ ಬಾಗಿಲಿಗೂ ಬೇವು ನೇತಾಡುತ್ತಿತ್ತು. ಅಂದರೆ ಮನೆಗೆ ಅಮ್ಮ ಬಂದಿದ್ದಾಳೆ, ಸಿಡುಬು ಎದ್ದಿದೆ, ಹೊರಗಿನವರು ಹೊಸ್ತಿಲು ದಾಟುವಂತಿಲ್ಲ. ಸಂಜೆ ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಟರು ಬರುತ್ತಾರೆ. ದಾಕು ಹಾಕಿಸಿಕೊಂಡವರ ನಲವತ್ತು ಹೆಬ್ಬೆಟ್ಟಿನ ಪಟ್ಟಿ ತೋರಿಸಿದರೆ ಮೂರು ವರ್ಷದ ಹಂಗಾಮಿ ಕೆಲಸ ಕಾಯಂ. ಇಲ್ಲದಿದ್ದರೆ ಮನೆ ದಾರಿ.

ಅಷ್ಟರಲ್ಲಿ ಬೀದಿಯ ಮೊದಲನೆಯದಾದ ಕದಿರಪ್ಪನ ಮನೆಯೊಳಗಿಂದ ಬೆಳ್ಳುಳ್ಳಿ ಒಗ್ಗರಣೆ ಚುಂಯ್ ಎಂದಿತು.

"ಅಮ್ಮ ಬಂದ ಮನೇಲಿ ಒಗ್ಗರಣೆ ಹಾಕ್ತಾರೇನ್ರೀ?" ಆನಂದಪ್ಪ ಬೀದಿಗೆಲ್ಲ ಕೇಳುವಂತೆ ಕೂಗಿದ. "ದೇವರ ಹೆಸರಲ್ಲಿ ಸುಳ್ಳಾ? ಹೋದ ವರ್ಷ ಪಕ್ಕದೂರಲ್ಲಿ ಮೂರು ಕೂಸು ಮಣ್ಣು ಮಾಡಿದ್ದು ಮರೆತೋಯ್ತಾ? ನಿಮ್ಮ ಮಕ್ಕಳು ಉಳೀಲಿ ಅಂತ ನಾನು ಬಿಸಿಲಲ್ಲಿ ಸಾಯ್ಬೇಕು, ನೀವು ಬೇವು ಕಟ್ಟಿ ನನ್ನೇ ಓಡಿಸ್ತೀರಾ!"

ಎದುರು ಜಗಲಿಯಿಂದ ಸೂಲಗಿತ್ತಿ ದೊಡ್ಡಮುನಿಯಮ್ಮ ಎಲೆಅಡಿಕೆ ಉಗುಳಿ ಎದ್ದಳು. ಊರಲ್ಲಿ ಅವಳ ಮಾತು ಮೀರುವವರಿಲ್ಲ.

"ಕೂಗ್ಬ್ಯಾಡ ಕಣಪ್ಪ. ಓದ್ ಸಲ ನಿಮ್ಮೋನೊಬ್ಬ ಬಂದಿದ್ದ. ರಾಗಿ ಕುಯ್ಲು ದಿನ ಬಲಗೈಗೆ ಗೀರಿ ಓದ. ಕೈ ಕುಂಬಳಕಾಯಿ ಆಯ್ತು, ಜರ ಬಂತು. ಕುಡ್ಲು ಯಾರ್ ಇಡೀಬೇಕಿತ್ತು, ನಿಮ್ಮಪ್ಪನಾ? ಬದುಕಿದ್ದೀರಾ ಸತ್ರಾ ಅಂತ ಒಬ್ಬ ತಿರುಗಿ ನೋಡ್ಲಿಲ್ಲ."

ಆನಂದಪ್ಪನ ಸಿಟ್ಟೆಲ್ಲ ಆ ಹಿಂದಿನವನ ಕಡೆ ತಿರುಗಿತು. "ಅವನ ಕೈ ಸೇದೋಗ! ನಾನು ಎಡಗೈಗೆ ಹಾಕ್ತೀನವ್ವ. ಜ್ವರ ಬರಬಹುದು, ದಿನಾ ಬಂದು ನೋಡ್ತೀನಿ. ಪಟಾಲಮ್ಮ ತಾಯಾಣೆ."

"ಅಂಗಾದ್ರೆ ಮೊದ್ಲು ನೀನ್ ಆಕ್ಕೋ."

ಹಾಕಿಕೊಂಡ. ಕದಿರಪ್ಪನ ಮನೆಯವರೆಲ್ಲ ತೋಳು ನೀಡಿದರು. ಪಕ್ಕದ ಮನೆಯ ಸೊಣ್ಣಮ್ಮ ಮಾತ್ರ ಸೊಂಟಕ್ಕೆ ಕೈಯಿಟ್ಟಳು. "ಅವ್ರಟ್ಟೀಲಿ ಆಕ್ಕೊಂಡೆ, ನಾವೇನ್ ಕಡ್ಮೇನಾ? ಇಲ್ಲೂ ಆಕ್ಕೋ."

ಒಬ್ಬರ ಮನೆಯಲ್ಲಿ ಮಜ್ಜಿಗೆ ಕುಡಿದು ಇನ್ನೊಬ್ಬರಲ್ಲಿ ಬೇಡವೆಂದರೆ ಆ ಊರಲ್ಲಿ ಜಗಳವೇ ಆಗುತ್ತಿತ್ತು. ದಾಕಿಗೂ ಅದೇ ನ್ಯಾಯವಾಯಿತು. ಒಂಬತ್ತು ಮನೆ, ಒಂಬತ್ತು ಗೀರು. ಆನಂದಪ್ಪನ ಎರಡೂ ತೋಳು ಬೆರಳೊತ್ತಿ ತಟ್ಟಿದ ರಾಗಿರೊಟ್ಟಿಯಂತಾದವು. ಆದರೇನು, ನಲವತ್ತು ಹೆಬ್ಬೆಟ್ಟು ಬಿದ್ದವು! ಅವನು ಚಾವಡಿಯಲ್ಲಿ ದೊಪ್ಪನೆ ಬಿದ್ದುಕೊಂಡ.

ದೊಡ್ಡಮುನಿಯಮ್ಮನಿಗೆ ಕರುಳು ಚುರ್ ಎಂದಿತು. ಬಾಗಿಲುಗಳ ಬೇವನ್ನೆಲ್ಲ ಬಿಚ್ಚಿ ತಂದು ತಂಪಿಗೆಂದು ಅವನ ಕೆಳಗೆ ಹಾಸಿದಳು. ಯಾರೂ ಎಬ್ಬಿಸದಿರಲೆಂದು ಚಾವಡಿ ಬಾಗಿಲಿಗೂ ಒಂದು ಗೊಂಚಲು ಕಟ್ಟಿದಳು.

ಜೀಪು ಬಂತು. ಇನ್‌ಸ್ಪೆಕ್ಟರು ಬೇವು ನೋಡಿದರು, ಕೆಂಪೆದ್ದ ತೋಳು ನೋಡಿದರು, ಕರ್ಚೀಫು ಮೂಗಿಗೊತ್ತಿದರು. "ದಾಕು ಹಾಕೋನಿಗೇ ಅಮ್ಮ! ಹತ್ರ ಬರ್ಬೇಡ!"

"ಇದು ದಾಕಿನ ಗೀರು ಸಾರ್! ಪಟ್ಟಿ ನೋಡಿ, ನಲವತ್ತು!"

"ದೂರ ನಿಲ್ಲು!"

"ದಾಕು ಹಾಕಿಸ್ಕೊಂಡೋರಿಗೆ ಭಯ ಯಾಕೆ ಸಾರ್?"

ಇನ್‌ಸ್ಪೆಕ್ಟರ ದನಿ ಇಳಿಯಿತು. "ದಾಕು ಹಾಕಿಸ್ಕೊಳ್ಳೋಕೆ ನಮ್ಮ ತಾಯಿ ಒಪ್ಪಲ್ಲ ಕಣಯ್ಯ." ಜೀಪು ಹತ್ತಿದ ಮೇಲೆ ಮತ್ತೆ ಏರಿತು. "ನಿನ್ನ ಮದ್ದು ಕೆಟ್ಟಿದೆ, ಪಟ್ಟಿ ರದ್ದು! ಗುಣವಾದ ಮೇಲೆ ಊರಿಗೆಲ್ಲ ಮತ್ತೆ ಹಾಕು. ಕಾಯಂ ಮಾತು ಆಮೇಲೆ!"

ಧೂಳು ಇಳಿಯುವವರೆಗೂ ಆನಂದಪ್ಪ ಬೈದ.

"ಓಗ್ಲಿ ಬುಡಪ್ಪ, ಇನ್ನೊಂದ್ ಸಲ ಆಕಿಸ್ಕೊಂತೀವಿ," ಎಂದಳು ದೊಡ್ಡಮುನಿಯಮ್ಮ. "ಆದ್ರೆ ಮೊದ್ಲು ನೀನು."

ಅವನು ತೋಳು ನೋಡಿಕೊಂಡ. ಸಾಸಿವೆ ಇಡುವಷ್ಟೂ ಜಾಗವಿರಲಿಲ್ಲ.

ಅವಳ ಕಣ್ಣು ಕೆಳಗಿಳಿಯಿತು. "ತೊಡೆ ಐತಲ್ಲ. ಪಂಚೆ ಒಸಿ ಮ್ಯಾಕೆತ್ತು."