ರೊಟ್ಟಿ ಬಟನ್ ಇಲ್ಲದ ಒಲಿ

ನನಗ ಸಿಟ್ಟು ಬರೂದಿಲ್ರಿ, ಜನಾ ಬರಸ್ತಾರ. ಮನಿಗೆ ಒಂದು ಹೊಸಾ ಸಾಮಾನು ತರೂದಂದ್ರ ಸಾಕು, ಅದರ ಹಿಂದ ಸಿಟ್ಟು ಬರಸಾವರು ಸಾಲುಗಟ್ಟಿ ಬರತಾರ. ಈ ಸಲ ಗ್ಯಾಸ್ ಸಿಲಿಂಡರ್ ಬರೂದು ತಡಾ ಆತು. ನಾನು ಧಾರವಾಡದ ಒಂದು ಕಾಲೇಜ್ ಆಫೀಸಿನ್ಯಾಗ ಕೆಲಸ ಮಾಡಾಕಿ. ಮುಂಜಾನೆ ಇಬ್ಬರ ಡಬ್ಬಿ ಕಟ್ಟಿ ಓಡಬೇಕು. ಕೈ ಕೊಡದಂಥಾ ಒಂದು ಇಂಡಕ್ಷನ್ ಒಲಿ ತರೂಣು ಅಂದೆ. ಅಷ್ಟ ಅಂದದ್ದು.

ಅಂಗಡ್ಯಾಗ

ಹುಬ್ಬಳ್ಳಿ ಅಂಗಡಿಯಂವ ಒಲಿ ಮುಂದಿಟ್ಟು ಬಟನ್ ತೋರಿಸಿದ. "ಇದು ದ್ವಾಸಿದ್ರಿ, ಇದು ಇಡ್ಲಿದು, ಇದು ಚಪಾತಿದು."

"ರೊಟ್ಟಿದು?"

"ರೊಟ್ಟಿದು ಇಲ್ರಿ ಅಕ್ಕಾರ."

ನನ್ನ ಮೈ ಉರದು ಹೋತು. "ಹುಬ್ಬಳ್ಳ್ಯಾಗ ಕುಂತು ಒಲಿ ಮಾರತೀರಿ, ರೊಟ್ಟಿ ಬಟನ್ ಇಲ್ಲಂತೀರಿ! ನಾವು ದಿನಾ ಇಡ್ಲಿ ತಿನ್ನಬೇಕೇನು?"

ಗಿರಾಕಿಗಳೆಲ್ಲಾ ತಿರುಗಿ ನೋಡಾಕತ್ತರು. ಆತ ದನಿ ಸಣ್ಣದು ಮಾಡಿ, "ಚಪಾತಿ ಬಟನ್ ಒತ್ತಿ ರೊಟ್ಟಿ ಮಾಡ್ರಿ ಅಕ್ಕಾರ," ಅಂದ. "ಅದಕ್ಕೇನು ಗೊತ್ತಾಗತೈತಿ?"

ಅಯಸ್ಕಾಂತ

ನಮ್ಮ ಮನಿ ಧಾರವಾಡದ ಮಾಳಮಡ್ಡ್ಯಾಗ. ಬಾಜೂಮನ್ಯಾಗ ಒಬ್ಬರು ರಿಟೈರ್ಡ್ ಎಂಜಿನಿಯರ್ ಅದಾರ. "ಒಲಿ ಆಮ್ಯಾಲ, ಮದ್ಲ ಭಾಂಡೆ-ಪಾತ್ರಿ ನೋಡ್ರಿ. ಅಯಸ್ಕಾಂತ ಹತ್ತಿದವಷ್ಟ ಕಾಯತಾವ," ಅಂತ ಹಳೇ ಸ್ಪೀಕರಿಂದು ಕಿತ್ತಿದ್ದ ದೊಡ್ಡ ಅಯಸ್ಕಾಂತ ಹಿಡಕೊಂಡು ಸೀದಾ ಅಡಗಿಮನಿಗೇ ಬಂದ್ರು. ಕರದವರ್ಯಾರು?

ನನ್ನ ತವರಮನಿ ಹಿತ್ತಾಳಿ ಚರಗಿ ಹತ್ತಲಿಲ್ಲ. ಅಲ್ಲಿಂದನ ಬಂದ ಸ್ಟೀಲ್ ಬೋಗಾಣಿ, ಅದೂ ಹತ್ತಲಿಲ್ಲ. ಪೇಪರ್ ಓದಾಕತ್ತಿದ್ದ ನಮ್ಮನಿಯವರಿಗೆ ಭಾಳ ಖುಷಿ. "ನಿಮ್ಮ ತವರಮನಿದು ಒಂದೂ ಹತ್ತವಲ್ದು ನೋಡು!"

ನಾನು ಅವರ ಅವ್ವ ಕೊಟ್ಟಿದ್ದ ಕಬ್ಬಿಣದ ಕಡಾಯಿ ತಂದಿಟ್ಟೆ. ಫಟ್ ಅಂತ ಹತ್ತಿತು. ಎಂಜಿನಿಯರು ಜಗ್ಗಿದ್ರು, ಕಡಾಯಿ ಕಾಲಾಗ ಒತ್ತಿ ಹಿಡಿದು ಮತ್ತ ಜಗ್ಗಿದ್ರು. ಬರವಲ್ದು.

"ನೋಡ್ರಿ, ನಿಮ್ಮ ಮನಿ ಕಡೇದು ಹತ್ತಿತಂದ್ರ ಬಿಡೂದಿಲ್ಲ," ಅಂದೆ.

ರಿಪೇರಿ

ಕಡೀಕ ಒಂದು ಒಲಿ, ಅದರ ಜೋಡಿ ತಳಾ ಸಪಾಟ ಇದ್ದ ಪಾತೇಲಿ ತಂದ್ವಿ. ಸಾಸಿವಿ ಚಟಪಟ ಅನ್ನೂದ್ರಾಗ ಒಲಿ ಕುಂಯ್ ಅಂತ ಬಂದ್. ದಿನಾ ಇದ ಹಾಡು. ಕಾಲೇಜಿಗೆ ಹಸಿ ಒಗ್ಗರಣಿ ಡಬ್ಬಿ ಒಯ್ದೇನ್ರಿ ನಾನು!

ರಿಪೇರಿಯಂವ ಬಂದ. "ಒಂದು ಸ್ವಲ್ಪ ಚಹಾ ಇಡ್ರಿ, ನೋಡೂಣು." ಚಹಾ ಛಲೋ ಕುದೀತು. ಕುಡದು, "ಒಲಿ ಬರಾಬರಿ ಐತ್ರಿ," ಅಂತ ಹೋದ. ಮರುದಿನ ಮತ್ತ ಕುಂಯ್. ಮತ್ತ ಬಂದ, ಮತ್ತ ಚಹಾ ಕುಡದ, ಮತ್ತ ಬರಾಬರಿ ಐತಿ.

"ಅಲ್ರೀ, ಅಡಗಿ ಮಾಡೂ ಮುಂದ ಬಂದ್ ಆಗತೈತಿ, ಚಹಾ ಮಾಡೂ ಮುಂದಲ್ಲ!" ಅಂತ ಚೀರಿದೆ.

"ಹಂಗಾ? ಮದ್ಲ ಹೇಳಬಾರದೇನ್ರಿ?" ಅಂದ. "ನಾಳೆ ಊಟದ ಹೊತ್ತಿಗೇ ಬರತೇನಿ."

ಶ್ರಾವಣ ಸೋಮವಾರ

ಆತ ಊಟಕ್ಕ ಬರೂಕಿಂತ ಮದ್ಲ ಅಂಗಡ್ಯಾಗ ಜಗಳಾ ತಗದು ಒಲಿ ಬದಲಿ ಮಾಡಿಸಿಕೊಂಡು ಬಂದೆ. ಖರೇ ಹೇಳಬೇಕಂದ್ರ ಈ ಎರಡನೇದು ಛಲೋ ಐತಿ. ಅದನ್ನ ನೋಡಾಕಂತನ ನಮ್ಮನಿಯವರ ಸೋದರತ್ತಿ ಸುಳ್ಳ ಅನ್ನೂ ಹಳ್ಳಿಯಿಂದ ಬಂದ್ರು. ಅವತ್ತು ಶ್ರಾವಣ ಸೋಮವಾರ, ನಾವಿಬ್ಬರೂ ರಜಾ ಹಾಕಿದ್ವಿ. ಅತ್ತಿ ಉಪವಾಸ ಭಾಳ ಕಟ್ಟುನಿಟ್ಟು. "ಸಂಜೀತನಾ ಬೆಂಕಿ ಕಂಡದ್ದು ಏನೂ ಬಾಯಾಗ ಹಾಕಬಾರದು. ನೀನೂ ಹಾಕಬ್ಯಾಡ," ಅಂದ್ರು. ಮುಂಜಾನಿಂದ ಒಂದು ಬಾಳೆಹಣ್ಣಿನ ಮ್ಯಾಲ ಇದ್ದೆ.

ಮಧ್ಯಾಹ್ನ ನಮ್ಮನಿಯವರ ಸಲುವಾಗಿ ಉಪ್ಪಿಟ್ಟು ಮಾಡಾಕ ನಿಂತೆ. ಅತ್ತಿ ಬಗ್ಗಿ ಒಲಿ ಕೆಳಗ ನೋಡಿದ್ರು. "ಬೆಂಕಿ ಎಲ್ಲೈತಿ?"

"ಇದರಾಗ ಬೆಂಕಿ ಇರೂದಿಲ್ರಿ ಅತ್ತಿ."

"ಒಂದು ಕಿಡಿನೂ?"

"ಒಂದು ಕಿಡಿನೂ ಇಲ್ರಿ," ಅಂತ ದಿಮಾಕಿಲೆ ಹೇಳಿ, ಉಪ್ಪಿಟ್ಟು ಇಳಿಸಿಟ್ಟು, ಒಗದ ಅರಬಿ ಒಣಗಹಾಕಾಕ ಹಿತ್ತಲಕ್ಕ ಹೋದೆ.

ಬಂದು ನೋಡತೇನಿ, ಅತ್ತಿ ತಾಟಿನ ತುಂಬ ಉಪ್ಪಿಟ್ಟು ಹಾಕ್ಕೊಂಡು, ಮ್ಯಾಲೊಂದು ಮಾವಿನ ಉಪ್ಪಿನಕಾಯಿ ಹೋಳು ಇಟಗೊಂಡು ಕುಂತಾರ!

"ಅತ್ತೀ! ಉಪವಾಸ!"

"ಕೆಟ್ಟಿಲ್ಲ. ಬೆಂಕಿನ ಇಲ್ಲಂತ ನೀನ ಹೇಳಿದೆಲ್ಲ."

ನನಗೂ ಹೊಟ್ಟಿ ಚುರುಚುರು ಅನ್ನಾಕತ್ತಿತ್ತು. "ಹಂಗಾರ ನನಗೂ ಹಾಕ್ರಿ," ಅಂತ ತಾಟು ತಂದೆ. ಅತ್ತಿ ಪಾತೇಲಿ ಗಪ್ಪನ ತಮ್ಮ ಕಡೆ ಜಗ್ಗಿಕೊಂಡ್ರು.

"ನಿನಗ ನಡಿಯೂದಿಲ್ಲವಾ. ನೀನು ಸಾಲಿ ಕಲಿತಾಕಿ, ಅದು ಹೆಂಗ ಬೇಯತೈತಿ ಅಂತ ನಿನಗ ಗೊತ್ತೈತಿ. ನಿನಗ ಪಾಪ ಹತ್ತತೈತಿ," ಅಂತಂದು ಉಳಿದದ್ದನ್ನೂ ಕೆರದು ಹಾಕ್ಕೊಂಡ್ರು.