ಒಂದು ಚೀಲ ನೀರುಳ್ಳಿ ಸಿಪ್ಪೆ

ಡೊಂಬಿವಲಿಯ ಬಿಲ್ಡಿಂಗ್ ಸೊಸೈಟಿಯ ಹಾಲ್‌ನಲ್ಲಿ ಆ ಭಾನುವಾರ ಭಾಷಣ ಮಾಡಿದ ಡಾಕ್ಟರು ಪಾಪ, ಅಳೆದು ತೂಗಿಯೇ ಮಾತಾಡಿದ್ದರು. ನೀರುಳ್ಳಿಯ ಹೊರಪದರದಲ್ಲಿ ಫ್ಲೇವನಾಯ್ಡ್ ಎಂಬ ಸಸ್ಯಾಂಶ ಜಾಸ್ತಿ, ಅದರಿಂದ ಬಿಪಿಗೆ ಅಷ್ಟಿಷ್ಟು ಪ್ರಯೋಜನ ಆಗಬಹುದು, ಸಂಶೋಧನೆ ಇನ್ನೂ ನಡೆಯುತ್ತಿದೆ ಎಂದಿದ್ದರು. ಭಾಷಣ ಕೇಳಿದ ಪ್ರಫುಲ್ಲಾ ಮೂರು ಮಹಡಿ ಹತ್ತಿ ಮನೆ ಸೇರುವಷ್ಟರಲ್ಲಿ ಆ ‘ಬಹುದು’ ಮೆಟ್ಟಿಲ ಮೇಲೆಲ್ಲೋ ಬಿದ್ದುಹೋಗಿತ್ತು.

ಅವಳ ಗಂಡ ಹರಿಶ್ಚಂದ್ರ ಮಾಜಿವಾಡಾದ ಉಡುಪಿ ಹೋಟೆಲಿನಲ್ಲಿ ಕ್ಯಾಶಿಯರ್. ಬಿಪಿಗೆ ಗುಳಿಗೆ ನುಂಗುವವನು. ಅದು ನೀರುಳ್ಳಿ ಬೆಲೆ ಮುಗಿಲು ಮುಟ್ಟಿದ್ದ ೨೦೧೩ನೇ ಇಸವಿ. ಮನೆಯಲ್ಲಿ ಒಂದು ಗಡ್ಡೆಯನ್ನು ಮೂರು ದಿನ ಎಳೆಯುತ್ತಿದ್ದರು.

“ಹೋಟೆಲಿನಲ್ಲಿ ಸಿಪ್ಪೆ ಬಿಸಾಡ್ತಾರಲ್ಲ, ಅದನ್ನೇ ತನ್ನಿ. ಕಷಾಯ ಮಾಡಿ ಕೊಡ್ತೇನೆ,” ಅಂದಳು ಪ್ರಫುಲ್ಲಾ.

ಕಸ ಬೇಕು ಅಂತ ಧಣಿಯನ್ನು ಕೇಳಲು ನಾಚಿಕೆಯಾಗಿ, ಸೋಮವಾರ ಹರಿಶ್ಚಂದ್ರ ಸದ್ದಿಲ್ಲದೆ ಒಂದು ಅಕ್ಕಿಚೀಲದ ತುಂಬ ಸಿಪ್ಪೆ ತುಂಬಿಕೊಂಡು ಲೋಕಲ್ ರೈಲು ಹತ್ತಿದ. ಚೀಲದ ವಾಸನೆಗೆ ಇಡೀ ಡಬ್ಬಿ ತಿರುಗಿ ನೋಡಿತು. ಒಂದಿಡೀ ಚೀಲ ನೀರುಳ್ಳಿ ಕೊಳ್ಳಬಲ್ಲ ಶ್ರೀಮಂತನೆಂದು ಯಾರೋ ಎದ್ದು ಸೀಟು ಕೊಟ್ಟರು.

ಮನೆಯ ಮೆಟ್ಟಿಲಲ್ಲಿ ಎದುರಾದವಳು ಮೊದಲ ಮಹಡಿಯ ಜಯಲತಾ. ಕಾಲು ಗಂಟೆಯೊಳಗೆ ಬಟ್ಟಲು ಹಿಡಿದು ಬಾಗಿಲಿಗೆ ಬಂದಳು, ಎರಡೇ ನೀರುಳ್ಳಿ ಸಾಕಂತೆ. ಹಿಂದೆಯೇ ಪಕ್ಕದ ಮನೆಯ ಕಲಬುರಗಿಯ ಲಕ್ಷ್ಮೀಕಾಂತ. ಹರಿಶ್ಚಂದ್ರ ಇದ್ದದ್ದನ್ನು ಇದ್ದ ಹಾಗೆ ಹೇಳಿ ಚೀಲ ಬಿಚ್ಚಿ ತೋರಿಸಿದ. ಕೆಲಸ ಕೆಟ್ಟದ್ದು ಅಲ್ಲೇ.

“ಸಿಪ್ಪೀನ ಇಷ್ಟ್ ಐತಿ ಅಂದ್ರ ಒಳಗಿನ ಗಡ್ಡಿ ಎಷ್ಟಿರಬೇಕ್ರಿ ಹರಿಯಣ್ಣ?” ಎಂದ ಲಕ್ಷ್ಮೀಕಾಂತ, ಮಂಚದ ಕೆಳಗೆ ಬಗ್ಗಿ ನೋಡುತ್ತ.

ಜಯಲತಾ ಖಾಲಿ ಬಟ್ಟಲಿನೊಂದಿಗೆ ಕೆಳಗಿಳಿದವಳೇ ಹೋಟೆಲಿನ ಧಣಿ ದಯಾನಂದರಿಗೆ ಫೋನು ಹಚ್ಚಿದಳು. ಅವರು ಅವಳಿಗೆ ದೂರದ ಸಂಬಂಧಿ. ನಿಮ್ಮ ಸ್ಟೋರಿನ ನೀರುಳ್ಳಿ ನಮ್ಮ ಬಿಲ್ಡಿಂಗಿನ ಮೂರನೇ ಮಹಡಿಯಲ್ಲಿದೆ ಎಂದಳು. ಪಕ್ಕದೂರು ಕಲ್ಯಾಣದಲ್ಲಿದ್ದ ದಯಾನಂದರು ಅರ್ಧ ಗಂಟೆಯಲ್ಲಿ ಬಂದೇ ಬಿಟ್ಟರು.

ಹದಿನೆಂಟು ವರ್ಷದ ನೌಕರಿ. ಹರಿಶ್ಚಂದ್ರ ತಾನೇ ಚೀಲವನ್ನು ಧಣಿಗಳ ಮುಂದೆ ಎಳೆದಿಟ್ಟ. ಧಣಿಗಳು ಅಂಗಿಯ ತೋಳು ಮಡಚಿ, ಎಮ್ಮೆಯ ಹೆರಿಗೆ ಮಾಡಿಸುವ ಡಾಕ್ಟರಂತೆ ಮೊಣಕೈವರೆಗೂ ಚೀಲದೊಳಗೆ ಕೈ ತೂರಿಸಿ ಹುಡುಕಿದರು. ಸಿಕ್ಕಿದ್ದು ಬರೀ ಸಿಪ್ಪೆ.

“ಇದು ಎಂತಕ್ಕೆ ಮಾರಾಯ?”

ಗಂಡ ಬಾಯಿ ತೆರೆಯುವ ಮೊದಲೇ ಪ್ರಫುಲ್ಲಾ ಮುಂದೆ ಬಂದಳು. ಫ್ಲೇವನಾಯ್ಡಿನ ಮಹಿಮೆಯನ್ನು ಒಂದೇ ಉಸಿರಿಗೆ ಹೇಳಿದಳು. ಬಿಪಿಯ ಜೊತೆಗೆ ಡಾಕ್ಟರು ಎತ್ತದೇ ಇದ್ದ ಶುಗರು, ಮಂಡಿನೋವು, ಕೂದಲುದುರುವುದನ್ನೂ ಸೇರಿಸಿದಳು. ಒಲೆಯ ಮೇಲಿದ್ದ ಕಷಾಯದ ಒಂದು ಲೋಟ ಕೊಟ್ಟಳು. ಧಣಿಗಳು ಮುಖ ಹಿಂಡಿಕೊಂಡು ಕುಡಿದು, ಖಾಲಿ ಲೋಟವನ್ನೊಮ್ಮೆ, ಚೀಲವನ್ನೊಮ್ಮೆ ನೋಡಿದರು.

“ನಿನ್ನ ಕೆಲಸಕ್ಕೆ ಎಂತದೂ ತೊಂದರೆ ಇಲ್ಲ ಹರಿಶ್ಚಂದ್ರ,” ಎಂದರು ಕೊನೆಗೆ. “ಆದ್ರೆ ಈ ಚೀಲ ನಾಳೆ ವಾಪಸ್ ಬರಬೇಕು.”

ಮರುದಿನ ಹೋಟೆಲಿನ ಎದುರು ಹೊಸ ಬೋರ್ಡು: ‘ಫ್ಲೇವನಾಯ್ಡ್ ಕಷಾಯ, ನಮ್ಮಲ್ಲಿ ಮಾತ್ರ’. ಕಂದು ಬಣ್ಣದ ಆ ನೀರನ್ನು ನೋಡಿ ಗಿರಾಕಿಗಳು ಹಿಂದೆ ಸರಿದರು. ಧಣಿಗಳು ಅದಕ್ಕೂ ಉಪಾಯ ಮಾಡಿದ್ದರು. ಯಾರಾದರೂ ಅನುಮಾನ ಪಟ್ಟರೆ ಕ್ಯಾಶಿಯರ್ ಅವರೆದುರೇ ಒಂದು ಲೋಟ ಗಟಗಟನೆ ಕುಡಿದು ನಗಬೇಕು.

ಮಾಜಿವಾಡಾದಲ್ಲಿ ಅನುಮಾನದ ಜನಕ್ಕೇನು ಬರ. ಮಧ್ಯಾಹ್ನಕ್ಕೆ ಹರಿಶ್ಚಂದ್ರ ಹದಿಮೂರನೇ ಲೋಟ ಮುಗಿಸಿ, ಹೊಟ್ಟೆ ಹಿಡಿದುಕೊಂಡು, ಹಲ್ಲು ಕಿರಿಯುತ್ತ ಕೂತಿದ್ದಾಗ ಪ್ರಫುಲ್ಲಾಳ ಫೋನು ಬಂತು.

“ಸಿಪ್ಪೆಯೆಲ್ಲ ನಿಮ್ಮ ಧಣಿಗೆ ಹೋಯ್ತು, ನಿಮ್ಮ ಕಷಾಯ ತಪ್ಪಿಹೋಯ್ತಲ್ಲ,” ಅವಳ ದನಿಯಲ್ಲಿ ನಿಜವಾದ ಕಳಕಳಿ ಇತ್ತು. “ಸಂಕೋಚ ಮಾಡ್ಕೊಳ್ಬೇಡಿ. ಅಲ್ಲೇ ಕೇಳಿ ಒಂದು ಲೋಟ ಕುಡೀರಿ.”