ಇಪ್ಪತ್ತು ನಿಮಿಷ ಅಲ್ಲಾಡಿಸಬೇಡಿ

ಹೆಂಡತಿ ಗಾಜಿನ ಸಾಮಾನು ತೊಳೆದಿಟ್ಟಳೆಂದು ಸಿಟ್ಟು ಮಾಡಿಕೊಂಡು ಒಂದು ಹೊತ್ತು ಊಟ ಬಿಟ್ಟ ಗಂಡಸನ್ನು ನೀವು ಎಲ್ಲಾದರೂ ನೋಡಿದ್ದೀರಾ? ಕೊಳೆ ಇದ್ದದ್ದಕ್ಕಲ್ಲ ಸ್ವಾಮಿ, ತೊಳೆದದ್ದಕ್ಕೆ! ನೋಡಿಲ್ಲವಾದರೆ ಗುಂಡ್ಲುಪೇಟೆಗೆ ಬನ್ನಿ, ನನ್ನ ಸೋದರಮಾವನನ್ನು ತೋರಿಸುತ್ತೇನೆ. ಆದರೆ ಪುರುಸೊತ್ತು ಮಾಡಿಕೊಂಡೇ ಬನ್ನಿ. ಆ ಮನೆಯಲ್ಲಿ ಯಾವ ವಿಷಯವೂ ಇಪ್ಪತ್ತು ನಿಮಿಷಕ್ಕೆ ಮೊದಲು ತೀರ್ಮಾನವಾಗುವುದಿಲ್ಲ.

ಮಾವ ಚಾಮರಾಜನಗರದ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಮೂವತ್ತು ವರ್ಷ ರಕ್ತ ಪರೀಕ್ಷೆ ಮಾಡಿ ನಿವೃತ್ತರಾದವರು. ನಮ್ಮದು ಕಾಡಂಚಿನ ಸೀಮೆ, ಹಾವು ಕಚ್ಚಿಸಿಕೊಂಡು ಬರುವವರಿಗೆ ಬರವಿಲ್ಲ. ಕಚ್ಚಿದ್ದು ಕೊಳಕುಮಂಡಲವೋ ಬಡಪಾಯಿ ಕೇರೆಯೋ ಎಂದು ಹಾವನ್ನೇ ಕರೆಸಿ ಕೇಳಲಾಗುತ್ತದೆಯೇ? ಅದಕ್ಕೊಂದು ನಿಯಮವಿದೆ. ರೋಗಿಯ ಒಂದಿಷ್ಟು ರಕ್ತವನ್ನು ಹೊಸ ಗಾಜಿನ ಕೊಳವೆಗೆ ಹಾಕಬೇಕು. ಇಪ್ಪತ್ತು ನಿಮಿಷ ಅಲ್ಲಾಡಿಸದೆ ನಿಲ್ಲಿಸಬೇಕು. ಆಮೇಲೆ ಒಂದೇ ಸಲ ಓರೆ ಮಾಡಿ ನೋಡಬೇಕು. ಮೊಸರಿನ ಹಾಗೆ ಗಟ್ಟಿಯಾಗಿದ್ದರೆ ಸದ್ಯಕ್ಕೆ ಬಚಾವು. ನೀರಿನ ಹಾಗೆ ಹರಿದರೆ ಮಂಡಲದ ವಿಷ ಏರಿದೆ ಎಂದರ್ಥ, ತಕ್ಷಣ ಔಷಧಿ ಕೊಡಬೇಕು. ಕೊಳವೆಯನ್ನು ಸೋಪು ಹಾಕಿ ತೊಳೆದಿದ್ದರೆ ಮಾತ್ರ ಎಲ್ಲ ಕೆಟ್ಟಿತು. ಗಟ್ಟಿಮುಟ್ಟಾದ ಮನುಷ್ಯನ ರಕ್ತವೂ ಅದರಲ್ಲಿ ಸರಿಯಾಗಿ ಹೆಪ್ಪುಗಟ್ಟುವುದಿಲ್ಲವಂತೆ.

ಈಗ ಅರ್ಥವಾಯಿತಲ್ಲ ಅತ್ತೆಯ ಅಪರಾಧ? ಬೇರೆಯವರು ಅಂಗಿ ಜೇಬಿನಲ್ಲಿ ಪೆನ್ನು ಇಟ್ಟುಕೊಂಡರೆ ನಮ್ಮ ಮಾವ ನಿವೃತ್ತರಾದ ಮೇಲೂ ಒಂದು ಹೊಸ ಗಾಜಿನ ಕೊಳವೆ ಇಟ್ಟುಕೊಂಡು ತಿರುಗುತ್ತಾರೆ. ಮದುವೆ ಮನೆಗೂ ಅದು ಬೇಕು! ಅಂಗಿ ಒಗೆಯುವಾಗ ಸಿಕ್ಕಿದ ಅದನ್ನು ಅತ್ತೆ ಪಾಪ, ಫಳಫಳ ಹೊಳೆಯುವಂತೆ ತಿಕ್ಕಿ ತೊಳೆದು ಕಿಟಕಿಯಲ್ಲಿ ಒಣಗಲು ಇಟ್ಟಿದ್ದರು.

"ತೊಳ್ದುಬುಟ್ಟಾ? ಅಯ್ಯೋ, ಕೆಡಿಸ್ಬುಟ್ಟೆ ಕಣೇ!" ಎಂದು ಮಾವ ತಲೆ ಮೇಲೆ ಕೈ ಹೊತ್ತು ಕೂತರು.

"ಆ ಗಾಜಿಗಿಂತ ನಿಮ್ಮ ತಲೆ ತೊಳೀಬೇಕಿತ್ತು," ಎಂದು ಅತ್ತೆ ತಟ್ಟೆ ಎತ್ತಿಟ್ಟರು.

ಆಸ್ಪತ್ರೆಯ ನಿಯಮ ಆಸ್ಪತ್ರೆಯಲ್ಲಿದ್ದರೆ ಯಾರಿಗೇನು ತೊಂದರೆ? ಮಾವ ಅದನ್ನು ಮನೆಗೂ ತಂದರು. ಪಕ್ಕದ ಮನೆಯ ಅಣ್ಣತಮ್ಮಂದಿರು ಬೇಲಿಯ ವಿಚಾರಕ್ಕೆ ಕುಡುಗೋಲು ಹಿಡಿದು ನಿಂತಾಗ ನಡುವೆ ಹೋಗಿ, "ಇಪ್ಪತ್ತು ನಿಮಿಷ ಯಾರೂ ಅಲ್ಲಾಡಬೇಡಿ ಕಣ್ರಲಾ. ಆಮೇಲೂ ಕೋಪ ಹರೀತಿದ್ರೆ ಕಡ್ಕಳಿ, ನಾನೇ ಕುಡುಗೋಲು ಮಸ್ದುಕೊಡ್ತೀನಿ" ಎಂದರು. ಹತ್ತನೇ ನಿಮಿಷಕ್ಕೆ ಅಣ್ಣನಿಗೆ ಹಸಿವಾಯಿತು, ಹದಿನೈದಕ್ಕೆ ತಮ್ಮನಿಗೆ ಹಸು ಕರೆಯುವುದು ನೆನಪಾಯಿತು. ಬೇಲಿ ಇವತ್ತಿಗೂ ಅಲ್ಲೇ ಇದೆ.

ನನ್ನ ಮದುವೆಯೂ ಹಾಗೇ ಆದದ್ದು ಎಂದರೆ ನಂಬುತ್ತೀರಾ? ಬದನಗುಪ್ಪೆಯ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದ ಗಂಡು ನೋಡಲು ಬಂದಿತ್ತು. ಐದೇ ನಿಮಿಷದಲ್ಲಿ ಅಮ್ಮ ಒಪ್ಪಿಬಿಟ್ಟಿದ್ದಳು. ಮಾವ ಬಿಡಬೇಕಲ್ಲ! ಗಂಡನ್ನು ನಡುಮನೆಯ ಕುರ್ಚಿಯಲ್ಲಿ ಕೂರಿಸಿ, ಇಪ್ಪತ್ತು ನಿಮಿಷ ಯಾರೂ ಮಾತಾಡಿಸಕೂಡದು ಎಂದು ಕಟ್ಟಪ್ಪಣೆ ಮಾಡಿದರು. ಪಾಪದ ಮನುಷ್ಯ ಮೂರು ಲೋಟ ನೀರು ಕುಡಿದರು, ಕ್ಯಾಲೆಂಡರಿನ ಹನ್ನೆರಡು ತಿಂಗಳೂ ಓದಿದರು. ಕೊನೆಗೆ ಮೂಲೆಯಲ್ಲಿ ಕೂತಿದ್ದ ನಮ್ಮಜ್ಜಿಯ ಹತ್ತಿರ ಸರಿದು, "ಮಂಡಿ ನೋವಾ ಅಜ್ಜಿ?" ಎಂದು ಮೆಲ್ಲಗೆ ಕೇಳಿದರು. ಮಾವ ತೊಡೆ ತಟ್ಟಿದರು. "ಗಟ್ಟಿ ಅದೆ! ಕೊಟ್ಬುಡಿ ಹೆಣ್ಣ!" ನನ್ನ ಯಜಮಾನರು ಆ ಇಪ್ಪತ್ತು ನಿಮಿಷ ನೆನೆದರೆ ಈಗಲೂ ಬೆವರುತ್ತಾರೆ.

ಈ ನಿಯಮದ ಹಿಂದೆ ಮಾವನದೊಂದು ದೊಡ್ಡ ತತ್ವವಿದೆ. ಅದನ್ನು ಕೇಳದೆ ಅವರ ಮನೆಯ ಕಾಫಿ ಕುಡಿದವರಿಲ್ಲ. "ನಿಜ ಯಾರಿಗೂ ಮೊದ್ಲೇ ಗೊತ್ತಾಗಲ್ಲ ಕಣಮ್ಮಿ. ಏನು ಮಾಡುದ್ರೂ ತಪ್ಪು ಆಗ್ಬೌದು. ಆನೆ ಬರದೇ ಇದ್ರೂ ಬೊಗಳೋದು ನಾಯಿಯ ಒಂದು ತಪ್ಪು. ಆನೆ ಬಂದಾಗ ಮಲಗಿರೋದು ಇನ್ನೊಂದು. ಯಾವ ತಪ್ಪು ತಡ್ಕಬೌದು ಅಂತ ನೋಡಿ ನಾಯಿ ಸಾಕ್ಬೇಕು."

ಇದನ್ನು ಕೇಳಿ ಕೇಳಿ ಕಿವಿ ತೂತಾದವಳು ನನ್ನಮ್ಮ, ಅಂದರೆ ಮಾವನ ಒಬ್ಬಳೇ ಅಕ್ಕ. "ನಂಗೆ ನಾಯೇ ಬ್ಯಾಡ ಕಣಪ್ಪ, ಓಗು!" ಎನ್ನುತ್ತಿದ್ದಳು. ತಮ್ಮನಿಗೆ ಅವಳಿಟ್ಟ ಹೆಸರು ಇಪ್ಪತ್ತು ನಿಮಿಷದ ಗಿರಾಕಿ.

ಹಂಗಳದಲ್ಲಿ ಅಮ್ಮನದು ಒಂದೆಕರೆ ಚೆಂಡುಹೂವಿನ ಹೊಲ. ಹೂ ಹೋಗುವುದು ಕೇರಳದ ಓಣಂಗೆ. ಹಬ್ಬದ ಮುಂಚೆ ಲಾರಿಗೆ ಏರಿದರೆ ಹೂವು, ಹಬ್ಬ ಕಳೆದರೆ ಗೊಬ್ಬರ. ಹೋದ ವರ್ಷ ಲಾರಿ ಬರುವ ಹಿಂದಿನ ದಿನ ಬೆಳಿಗ್ಗೆ ನಾನೂ ಅಮ್ಮನೂ ಹೂ ಬಿಡಿಸುತ್ತಿದ್ದೆವು. ಅಮ್ಮ ಇದ್ದಕ್ಕಿದ್ದಂತೆ "ಸ್ಸ್!" ಎಂದು ಕಾಲು ಕೊಡವಿದಳು. ಹಿಮ್ಮಡಿಯ ಮೇಲೆ ಎರಡು ಚುಕ್ಕಿ ರಕ್ತ. ಗಿಡದ ಬುಡದಲ್ಲಿ ಏನೋ ಸರಿದು ಹೋಯಿತು. ಏನೆಂದು ಇಬ್ಬರಿಗೂ ಕಾಣಲಿಲ್ಲ.

"ಇಲಿ ಬುಡು," ಎಂದರು ಪಕ್ಕದ ಹೊಲದವರು. "ಕೇರೆ ಇರ್ಬೇಕು," ಎಂದರು ಇನ್ನೊಬ್ಬರು. ನಾನು ಮಾವನಿಗೆ ಫೋನ್ ಮಾಡಿದೆ. "ನಡಸ್ಬ್ಯಾಡಿ, ಕಟ್ಬ್ಯಾಡಿ, ಕುಯ್ಬ್ಯಾಡಿ. ಮಲಗಿಸ್ಕಂಡು ಬನ್ನಿ" ಎಂದಷ್ಟೇ ಹೇಳಿ ಇಟ್ಟರು. ಗೂಡ್ಸ್ ಆಟೋದಲ್ಲಿ ಹೂವಿನ ಮೂಟೆಗಳ ನಡುವೆ ಅಮ್ಮನನ್ನು ಮಲಗಿಸಿಕೊಂಡು ಗುಂಡ್ಲುಪೇಟೆಯ ಆಸ್ಪತ್ರೆಗೆ ಬಂದರೆ ಮಾವ ಆಗಲೇ ಬಾಗಿಲಲ್ಲಿದ್ದರು.

ಡಾಕ್ಟರಮ್ಮ ಅಮ್ಮನ ಕಣ್ಣು, ನಾಲಿಗೆ, ಉಸಿರು ಎಲ್ಲ ನೋಡಿ ರಕ್ತ ತೆಗೆದರು. "ಕೊಳವೆ ತೊಳ್ದಿಲ್ಲ ತಾನೇ?" ಎಂದರು ಮಾವ. "ಹೊಸದೇ ಸಾರ್," ಎಂದು ಅವರು ನಕ್ಕರು. ಆಮೇಲೆ ನೋಡಿ ಮಜಾ! ಊರಿಗೆಲ್ಲ ಅಲ್ಲಾಡಬೇಡಿ ಎಂದು ಹೇಳಿದ ಮನುಷ್ಯ ಒಂದು ಕಡೆ ನಿಲ್ಲಲಾರದೆ ವಾರ್ಡಿನ ಉದ್ದಕ್ಕೂ ತಿರುಗಿದರು. ನನ್ನನ್ನು ಆರು ಸಲ "ಎಷ್ಟಾಯ್ತಮ್ಮಿ?" ಎಂದು ಕೇಳಿದರು. ಗಡಿಯಾರ ಇದ್ದದ್ದು ಅವರದೇ ಕೈಯಲ್ಲಿ.

ಇಪ್ಪತ್ತು ನಿಮಿಷವಾಯಿತು. ಕೊಳವೆ ಓರೆಯಾಯಿತು. ರಕ್ತ ಗಟ್ಟಿ! ನಾನು ಅತ್ತೇಬಿಟ್ಟೆ. ಅಮ್ಮ ಎದ್ದು ಕೂತು ಸೆರಗು ಸರಿಮಾಡಿಕೊಂಡಳು.

"ನಡೀರಿ ಓಗನ. ಹೂ ಅಂಗೇ ಅದೆ."

ಕೆಲವು ಸಲ ವಿಷ ತಡವಾಗಿ ಏರುತ್ತದೆ, ಮತ್ತೆ ಮತ್ತೆ ಪರೀಕ್ಷೆ ಮಾಡಬೇಕು, ನಾಳೆ ಇಷ್ಟು ಹೊತ್ತಿನವರೆಗೆ ಇರಬೇಕು ಎಂದರು ಡಾಕ್ಟರಮ್ಮ. ನಾಳೆ ಇಷ್ಟು ಹೊತ್ತಿಗೆ ಲಾರಿ ಘಟ್ಟ ಇಳಿದಿರುತ್ತದೆ! ಹಬ್ಬದ ಹೊತ್ತಿನಲ್ಲಿ ಹೂ ಬಿಡಿಸಲು ಬೇರೆ ಆಳೂ ಸಿಗುವುದಿಲ್ಲ. ನನ್ನ ಹೊಣೆ ನನ್ನದೆಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಯಾದರೂ ಹೋಗುತ್ತೇನೆಂದು ಅಮ್ಮ ಮಂಚದ ಕೆಳಗೆ ಚಪ್ಪಲಿ ತಡಕಿದಳು. ಸಿಗಲಿಲ್ಲ. ಮಾವ ಅವಳ ಚಪ್ಪಲಿಗಳನ್ನು ನೆಲದ ಮೇಲಿಟ್ಟು ಅವುಗಳ ಮೇಲೆ ಕೂತುಬಿಟ್ಟಿದ್ದರು.

"ಎದ್ದೇಳ್ಲಾ! ನಿಂದೇ ನಿಯಮ, ಗಟ್ಟಿಯಾಯ್ತಲ್ಲ!"

"ಅದು ಈಗಿನ್ ರಕ್ತ ಅಕ್ಕ. ಸಂಜೇದು ಗೊತ್ತಿಲ್ಲ."

"ಏನೂ ಆಗ್ದೇ ಓದ್ರೆ? ನನ್ ಹೂ ಎಲ್ಲ ತಿಪ್ಪೆ ಪಾಲು ಮಾಡ್ತೀಯಾ?"

ಮಾವ ತಲೆಯೆತ್ತಲಿಲ್ಲ. "ಎರಡು ತಪ್ಪು ಅದೆ ಅಕ್ಕ. ಸುಮ್‌ಸುಮ್ನೆ ನಿನ್ನ ಇಲ್ಲಿ ಕೂರಿಸಿ, ನಾಳೆ ನಿನ್ ಕೈಲಿ ಬಯ್ಯಿಸ್ಕಳದು ಒಂದು. ನಿನ್ನ ಕಳಿಸ್ಬುಟ್ಟು, ನಾಳೆ ಬಯ್ಯಕ್ಕೆ ನೀನೇ ಇಲ್ದಂಗಾಗದು ಇನ್ನೊಂದು." ಚಪ್ಪಲಿಗಳ ಮೇಲೆ ಇನ್ನೂ ಬಿಗಿಯಾಗಿ ಕೂತರು. "ಮೊದಲ್ನೇದ ತಡ್ಕತೀನಿ ಕಣಕ್ಕ. ಎರಡ್ನೇದು ನನ್ ಕೈಲಾಗಲ್ಲ."

ಅಮ್ಮ ಕಾಲನ್ನು ಮತ್ತೆ ಮಂಚದ ಮೇಲೆ ಎಳೆದುಕೊಂಡು ಮಲಗಿದಳು. "ನೆಲ ತಣ್ಣಗದೆ, ಕುರ್ಚಿ ಮೇಲಾದ್ರೂ ಕೂತ್ಕ" ಎಂದಳು. ಮಾವ ನಂಬಲಿಲ್ಲ. ಚಪ್ಪಲಿಯ ಮೇಲೆಯೇ ಕೂತಿದ್ದರು.

ಮುಂದೇನಾಯಿತು ಎಂದಿರಾ? ಏನೂ ಆಗಲಿಲ್ಲ! ಮಧ್ಯಾಹ್ನದ ಕೊಳವೆ ಗಟ್ಟಿ, ಸಂಜೆಯದು ಗಟ್ಟಿ, ಮರುದಿನದ್ದೂ ಗಟ್ಟಿ. ಕಚ್ಚಿದ್ದು ಇಲಿಯೋ ಕೇರೆಯೋ ದೇವರಿಗೇ ಗೊತ್ತು. ಲಾರಿ ಹೋಯಿತು, ಓಣಂ ಮುಗಿಯಿತು, ಬಿಡಿಸಿದ ಹೂ ಮೂಟೆಯಲ್ಲೇ ಬಾಡಿತು, ಉಳಿದದ್ದು ಹೊಲದಲ್ಲೇ ಒಣಗಿತು. ಇಲಿ ಕಚ್ಚಿದ್ದಕ್ಕೆ ಅಕ್ಕನನ್ನು ಒಂದು ದಿನ ಆಸ್ಪತ್ರೆಯಲ್ಲಿ ಕಾದ ಮಹಾನುಭಾವ ಎಂದು ಹಂಗಳದಿಂದ ಭೀಮನಬೀಡಿನವರೆಗೂ ಜನ ನಕ್ಕರು.

ಅಮ್ಮ ಬೈಯಲು ಶುರು ಮಾಡಿದವಳು ಇನ್ನೂ ನಿಲ್ಲಿಸಿಲ್ಲ. ದಿನಾ ಸಂಜೆ ಫೋನ್ ಮಾಡಿ ಬೈಯುತ್ತಾಳೆ. ಮೊನ್ನೆ ನಾನು ಮಾವನ ಮನೆಯಲ್ಲಿದ್ದಾಗಲೂ ಫೋನ್ ಬಂತು. ಮಾವ ಅದನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲೆ ಮೆಲ್ಲಗೆ ಇಟ್ಟರು. "ನನ್ ಬಂಗಾರದಂತಾ ಹೂವ ಗೊಬ್ಬರ ಮಾಡ್ಬುಟ್ಟಲ್ಲೋ, ಇಪ್ಪತ್ತು ನಿಮಿಷದ ಗಿರಾಕಿ!" ಎಂದು ಅಮ್ಮನ ದನಿ ಮನೆ ತುಂಬಿತು. ಅರ್ಧ ಗಂಟೆಯಾದರೂ ನಿಲ್ಲಲಿಲ್ಲ. ನನಗೇ ತಡೆಯಲಾಗದೆ, "ಮಾವ, ಬೇಜಾರಾಗಲ್ವಾ? ಇಟ್ಬುಡಿ ಫೋನು" ಎಂದೆ.

ಮಾವ ತುಟಿಯ ಮೇಲೆ ಬೆರಳಿಟ್ಟರು. ಕಣ್ಣಲ್ಲಿ ನೀರು ನಿಂತಿತ್ತು.

"ಸುಮ್ಕಿರಮ್ಮಿ, ಕೇಳನ. ಎಷ್ಟು ಚೆಂದಾಗಿ ಬಯ್ತಾವ್ಳೆ ನೋಡು ನಮ್ಮಕ್ಕ."